ಅರಿವು, ದುಡುಕು, ಅಲಕ್ಷ್ಯ

ಕೋರದ ಬಳಿ, ಶಿರಾ ಕಡೆಗೆ ಹೋಗುವ ಹೆದ್ದಾರಿಯಲ್ಲಿ, ಲಾರಿಯೊಂದು ಮಗುಚಿ ಒಬ್ಬರು ಸತ್ತರೆಂದು ಇಟ್ಟುಕೊಳ್ಳೋಣ. ನೆರೆದ ಜನ ಕೇಳುವುದು, “ಎಷ್ಟು ಜೋರಾಗಿ ಬರುತ್ತಿದ್ದ?” ಎಂದು. ನ್ಯಾಯಾಸ್ಥಾನ ಕೇಳುವ ಮಾತು ಬೇರೆ: ಆ ಹೊತ್ತಿನಲ್ಲಿ ಅವನ ಮನಸ್ಸಿನಲ್ಲಿ ಏನಿತ್ತು?

ಸಾವು ಒಂದೇ ಆದರೂ ಅಪರಾಧ ಒಂದೇ ಅಲ್ಲ. ಹಗೆಯವನನ್ನು ಕೊಲ್ಲಲೆಂದೇ ಲಾರಿ ಹರಿಸಿದರೆ ಅದು ಕೊಲೆ. ಕೊಲ್ಲುವ ಉದ್ದೇಶವಿಲ್ಲ, ಆದರೆ ಜನ ಸಾಯುವ ಸಂಭವವುಂಟೆಂದು ಬಲ್ಲವನಾಗಿಯೂ ನುಗ್ಗಿದರೆ ಅದು ಕೊಲೆಯಲ್ಲದ ನರಹತ್ಯೆ; ಅದಕ್ಕೆ 10 ವರ್ಷಗಳವರೆಗೆ ಸೆರೆ. 2006ರಲ್ಲಿ ಮುಂಬಯಿಯ ಕಾಲುದಾರಿಯಲ್ಲಿ ಮಲಗಿದ್ದ 7 ಮಂದಿ ಕೂಲಿಗಾರರು ಕಾರಿಗೆ ಸಿಕ್ಕಿ ಸತ್ತಾಗ, ಕುಡಿದು ಕಾರು ನಡೆಸಿದವನನ್ನು ಸರ್ವೋಚ್ಚ ನ್ಯಾಯಾಲಯವು 2012ರಲ್ಲಿ ಈ ಮೆಟ್ಟಿಲಿನಲ್ಲೇ ನಿಲ್ಲಿಸಿತು.

ಅದಕ್ಕೂ ಕೆಳಗಿನವು ದುಡುಕು ಮತ್ತು ಅಲಕ್ಷ್ಯ. ದುಡುಕುವವನು ಅಪಾಯವನ್ನು ಕಂಡೂ ಏನೂ ಆಗದೆಂದು ನಂಬುತ್ತಾನೆ. ಅಲಕ್ಷ್ಯದವನು ಕಾಣಬೇಕಾದುದನ್ನು ಕಾಣುವುದೇ ಇಲ್ಲ. (ನಮ್ಮ ಆಡುಮಾತು ಎರಡನ್ನೂ ‘ಬೇಜವಾಬ್ದಾರಿ’ ಎಂದು ಒಂದೇ ಮೂಟೆ ಕಟ್ಟುತ್ತದೆ.) 1860ರ ದಂಡಸಂಹಿತೆಯಲ್ಲಿ ಇಂಥ ಸಾವಿಗೆ ಕಲಮೇ ಇರಲಿಲ್ಲ, 304-ಎ ಎಂದು ಅದು ಸೇರಿದ್ದು 1870ರಲ್ಲಿ. ಆಗ ಹೆಚ್ಚೆಂದರೆ 2 ವರ್ಷ ಸೆರೆ. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 106ನೆಯ ಕಲಮಿನಲ್ಲಿ ಸಾಮಾನ್ಯವಾಗಿ 5 ವರ್ಷಗಳವರೆಗೆ.

ನಮ್ಮ ರಾಜ್ಯದ ಒಂದು ಮೊಕದ್ದಮೆ ಇಲ್ಲಿ ನೆನೆಯತಕ್ಕದ್ದು. 1982ರ ನವೆಂಬರಿನಲ್ಲಿ ಹಳ್ಳ ದಾಟುವಾಗ ಲಾರಿಯೊಂದು ಮಗುಚಿ 15 ಮಂದಿ ಸತ್ತರು, ಸುಮಾರು 18 ಮಂದಿ ಗಾಯಗೊಂಡರು. “ಬಹಳ ವೇಗವಾಗಿ ಬಂತು” ಎಂಬ ಸಾಕ್ಷ್ಯದ ಮೇಲೆ ವಿಚಾರಣಾ ನ್ಯಾಯಾಲಯ ಚಾಲಕನಿಗೆ ಶಿಕ್ಷೆ ವಿಧಿಸಿತು. ಉಚ್ಚ ನ್ಯಾಯಾಲಯ ಬಿಡುಗಡೆ ಮಾಡಿತು. ರಾಜ್ಯ ಸರ್ಕಾರದ ಮೇಲ್ಮನವಿಯನ್ನು ಸರ್ವೋಚ್ಚ ನ್ಯಾಯಾಲಯವು 1998ರಲ್ಲಿ ತಳ್ಳಿಹಾಕಿತು. ವೇಗವೆಂದರೆ ಎಷ್ಟು ವೇಗ? ಯಾವ ಸಾಕ್ಷಿಯೂ ಹೇಳಿರಲಿಲ್ಲ. ಮಗುಚುವ ಮುನ್ನ ಲಾರಿಗೆ ದೊಡ್ಡದೊಂದು ಧಕ್ಕೆ ತಗುಲಿತ್ತು. ಅದು ತಗ್ಗುದಿಣ್ಣೆಯ ರಸ್ತೆಯಿಂದಲೋ, ಯಂತ್ರ ಕೆಟ್ಟಿದ್ದರಿಂದಲೋ? ಲಾರಿಯನ್ನು ಪರೀಕ್ಷಿಸಿದ ಮೋಟಾರು ವಾಹನ ಇನ್ಸ್‌ಪೆಕ್ಟರರು ವರದಿಯನ್ನೇನೋ ಕೊಟ್ಟಿದ್ದರು. ಆದರೆ ವರದಿ ಕಡತದಲ್ಲಿರಲಿಲ್ಲ, ಅವರನ್ನು ಕಟಕಟೆಗೆ ಕರೆದೂ ಇರಲಿಲ್ಲ. ಹದಿನೈದು ಮನೆಗಳ ದುಃಖದ ಮುಂದೆ ಇದು ಎಂಥ ಉದಾಸೀನ! ಚಾಲಕನ ಅಲಕ್ಷ್ಯವನ್ನು ರುಜುವಾತುಪಡಿಸಬೇಕಾದವರದೇ ಅಲಕ್ಷ್ಯವಾಯಿತು.

ಚಾಲಕ ಬಿಡುಗಡೆಯಾದ ಮಾತ್ರಕ್ಕೆ ಮನೆಯವರ ಪರಿಹಾರದ ಹಕ್ಕು ಅಳಿಯುವುದಿಲ್ಲ. ಅದನ್ನು ಕೇಳುವ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಲಿಯೇ ಬೇರೆ. ಅಲ್ಲಿ ಸಂದೇಹಾತೀತ ರುಜುವಾತು ಬೇಡ, ತಕ್ಕಡಿ ಯಾವ ಕಡೆಗೆ ವಾಲುತ್ತದೆಂದು ತೋರಿಸಿದರೆ ಸಾಕು.