ಲೈಪೊಸಕ್ಷನ್: ಹೋಗುವ ಕೊಬ್ಬು, ಉಳಿಯುವ ಕೊಬ್ಬು

ಚರ್ಮದಡಿಯ ಕೊಬ್ಬನ್ನು ಸಣ್ಣ ಕೊಳವೆಯಿಂದ ಹೀರಿ ತೆಗೆಯುವ ಶಸ್ತ್ರಚಿಕಿತ್ಸೆಯೇ ಲೈಪೊಸಕ್ಷನ್. ಹೊಟ್ಟೆ, ಸೊಂಟ, ತೊಡೆ, ತೋಳು, ಗದ್ದದ ಕೆಳಗೆ ವ್ಯಾಯಾಮಕ್ಕೂ ಪಥ್ಯಕ್ಕೂ ಕರಗದೆ ಉಳಿದ ಕೊಬ್ಬಿಗೆ ಇದನ್ನು ಬಳಸುತ್ತಾರೆ. ಇದು ದೇಹದ ಆಕಾರ ತಿದ್ದುತ್ತದೆಯೇ ಹೊರತು ತೂಕ ಇಳಿಸುವ ಚಿಕಿತ್ಸೆಯಲ್ಲ.

ಬೆಂಗಳೂರಿನ ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಗಳ ಐಟಿ ಕಚೇರಿಗಳಲ್ಲಿ ದಿನವಿಡೀ ಕೂತು ದುಡಿಯುವವರಿಗೂ ಪೀಣ್ಯದ ಕಾರ್ಖಾನೆಗಳಲ್ಲಿ ರಾತ್ರಿ ಪಾಳಿ ಮಾಡುವವರಿಗೂ ಹೊಟ್ಟೆ ಬರುವುದು ಸಾಮಾನ್ಯ. ಆ ಹೊಟ್ಟೆಯಲ್ಲಿ ಎರಡು ಬಗೆಯ ಕೊಬ್ಬಿರುತ್ತದೆ. ಬೆರಳಿನ ಹಿಡಿತಕ್ಕೆ ಸಿಗುವುದು ಚರ್ಮದಡಿಯದು. ಕರುಳಿನ ಸುತ್ತ ಕೂತದ್ದು ಒಳಗಿನದು. ಕೊಳವೆ ಮುಟ್ಟುವುದು ಮೊದಲನೆಯದನ್ನು ಮಾತ್ರ. ಸಕ್ಕರೆ ಕಾಯಿಲೆಗೂ ಹೃದ್ರೋಗಕ್ಕೂ ಹೆಚ್ಚು ನಂಟಿರುವುದು ಎರಡನೆಯದಕ್ಕೆ. 2004ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ ಸ್ಥೂಲಕಾಯದ 15 ಮಹಿಳೆಯರಿಂದ ತಲಾ ಸುಮಾರು 10 ಕಿಲೋ ಕೊಬ್ಬು ತೆಗೆದರೂ, ವಾರಗಳ ನಂತರ ಅವರ ದೇಹ ಇನ್ಸುಲಿನ್‌ಗೆ ಸ್ಪಂದಿಸುವ ರೀತಿ ಸುಧಾರಿಸಿರಲಿಲ್ಲ.

ಶಸ್ತ್ರಚಿಕಿತ್ಸೆಗೆ ಮುನ್ನ ರಕ್ತ ಪರೀಕ್ಷೆ, ಇಸಿಜಿ ಮಾಡಿಸುತ್ತಾರೆ. ಧೂಮಪಾನ ಬಿಡಿಸುತ್ತಾರೆ, ರಕ್ತ ತೆಳುವಾಗಿಸುವ ಮಾತ್ರೆಗಳನ್ನು ವೈದ್ಯರ ಸಲಹೆಯಂತೆ ನಿಲ್ಲಿಸಬೇಕಾಗಬಹುದು. ನಂತರ ಸಲೈನ್, ಲಿಡೊಕೇನ್, ಅಡ್ರಿನಲಿನ್ ಬೆರೆಸಿದ ದ್ರವವನ್ನು ಕೊಬ್ಬಿನ ಪದರಕ್ಕೆ ತುಂಬುತ್ತಾರೆ. ಅಮೆರಿಕದ ಚರ್ಮವೈದ್ಯ ಜೆಫ್ರಿ ಕ್ಲೈನ್ 1980ರ ದಶಕದಲ್ಲಿ ರೂಪಿಸಿದ ವಿಧಾನವಿದು. ಲಿಡೊಕೇನ್ ಜಾಗವನ್ನು ಜೋಮು ಹಿಡಿಸಿದರೆ, ಅಡ್ರಿನಲಿನ್ ರಕ್ತನಾಳಗಳನ್ನು ಕುಗ್ಗಿಸಿ ರಕ್ತಸ್ರಾವ ತಗ್ಗಿಸುತ್ತದೆ. ಕೆಲವು ಮಿಲಿಮೀಟರ್ ಗಾಯದೊಳಗೆ ಕೊಳವೆ ತೂರಿಸಿ, ಹಿಂದೆ ಮುಂದೆ ಆಡಿಸುತ್ತಾ ಕೊಬ್ಬು ಹೀರುತ್ತಾರೆ. ಒಮ್ಮೆಗೆ 5 ಲೀಟರ್ ಮೀರಿದರೆ ಅಪಾಯ ಹೆಚ್ಚು. ಆಸ್ಪತ್ರೆಯಲ್ಲೇ ನಿಗಾ ಬೇಕು.

ಮೊದಲ ದಿನ ಗಾಯದಿಂದ ತಿಳಿಗೆಂಪು ನೀರು ಜಿನುಗುವುದು ಸಹಜ. ಬಾವು, ನೀಲಿಗಟ್ಟುವಿಕೆ, ಮರಗಟ್ಟುವಿಕೆ ವಾರಗಟ್ಟಲೆ ಇರುತ್ತವೆ. ನಾಲ್ಕರಿಂದ ಆರು ವಾರ ಬಿಗಿ ಉಡುಪು ತೊಡಬೇಕಾಗುತ್ತದೆ. ಕುಳಿತು ಮಾಡುವ ಕೆಲಸಕ್ಕೆ ಒಂದೆರಡು ವಾರದಲ್ಲಿ ಮರಳಬಹುದು. ಭಾರ ಎತ್ತುವ ಕಾರ್ಮಿಕರಿಗೆ ಇನ್ನೂ ಹೆಚ್ಚು ವಿಶ್ರಾಂತಿ ಬೇಕು. ಅಂತಿಮ ಆಕಾರ ಕಾಣಲು ಮೂರರಿಂದ ಆರು ತಿಂಗಳು ಹಿಡಿಯುತ್ತದೆ. ತೆಗೆದ ಕೊಬ್ಬಿನ ಕೋಶಗಳು ಮರಳುವುದಿಲ್ಲ, ಆದರೆ ತೂಕ ಏರಿದರೆ ಉಳಿದ ಕೋಶಗಳು ಹಿಗ್ಗುತ್ತವೆ.

ಚರ್ಮ ಏರುಪೇರಾಗುವುದು, ಸೋಂಕು, ಒಳಗೆ ನೀರು ತುಂಬುವುದು ಸಾಮಾನ್ಯ ತೊಡಕುಗಳು. ಅಪರೂಪವಾದರೂ ಪ್ರಾಣಕ್ಕೇ ಎರವಾಗುವಂಥವು ಬೇರೆ: ಕೊಬ್ಬಿನ ಕಣ ಅಥವಾ ಹೆಪ್ಪುಗಟ್ಟಿದ ರಕ್ತ ಶ್ವಾಸಕೋಶ ಸೇರುವುದು, ಲಿಡೊಕೇನ್ ಮಿತಿ ಮೀರುವುದು, ಕರುಳಿಗೆ ತೂತು ಬೀಳುವುದು. 2022ರ ಮೇ 16ರಂದು ಕನ್ನಡ ಕಿರುತೆರೆ ನಟಿ ಚೇತನಾ ರಾಜ್ ಬೆಂಗಳೂರಿನ ಖಾಸಗಿ ಕೇಂದ್ರವೊಂದರಲ್ಲಿ ಕೊಬ್ಬು ತೆಗೆಯುವ ಶಸ್ತ್ರಚಿಕಿತ್ಸೆಯ ಬಳಿಕ ತೀರಿಕೊಂಡರು. ಅವರಿಗಾಗ 21 ವರ್ಷ. ಶಸ್ತ್ರಚಿಕಿತ್ಸೆಯ ನಂತರ ಉಸಿರು ಕಟ್ಟುವುದು, ಎದೆನೋವು, ಒಂದೇ ಕಾಲು ಊದುವುದು, ಜೋರು ಜ್ವರ ಇವುಗಳಲ್ಲಿ ಯಾವುದು ಕಂಡರೂ ತಡಮಾಡದೆ ತುರ್ತು ಚಿಕಿತ್ಸೆಗೆ ಹೋಗಬೇಕು.

ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮುನ್ನ ಕೆಲವನ್ನು ವಿಚಾರಿಸಲೇಬೇಕು. ಶಸ್ತ್ರಚಿಕಿತ್ಸಕರಿಗೆ ಪ್ಲಾಸ್ಟಿಕ್ ಸರ್ಜರಿಯಲ್ಲಿ ಎಂಸಿಎಚ್ ಅಥವಾ ಡಿಎನ್‌ಬಿ ಪದವಿ ಇದೆಯೇ? ಅರಿವಳಿಕೆ ತಜ್ಞರು ಉದ್ದಕ್ಕೂ ಇರುತ್ತಾರೆಯೇ? ಐಸಿಯು ಅಲ್ಲೇ ಇದೆಯೇ? 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ಕೇಂದ್ರ ನೋಂದಣಿಯಾಗಿದೆಯೇ? ಅಂದ ಹೆಚ್ಚಿಸಲಷ್ಟೇ ಮಾಡುವ ಶಸ್ತ್ರಚಿಕಿತ್ಸೆಯನ್ನು ಆರೋಗ್ಯ ವಿಮೆ ಸಾಮಾನ್ಯವಾಗಿ ಹೊರಗಿಡುವುದರಿಂದ, ಖರ್ಚು ಕೈಯಿಂದಲೇ ಹಾಕಬೇಕಾಗುತ್ತದೆ. ದರ ಕಡಿಮೆ ಎಂಬ ಒಂದೇ ಕಾರಣಕ್ಕೆ ಕೇಂದ್ರ ಆರಿಸಿಕೊಳ್ಳುವುದು ಸಲ್ಲದು.