ದೋಣಿ ಎಂಜಿನ್ ಯಾಕೆ ಕಾಯುತ್ತದೆ?

2015ರ ಡಿಸೆಂಬರಿನಲ್ಲಿ ಅಡ್ಯಾರ್ ನದಿ ಉಕ್ಕಿ ಚೆನ್ನೈನ ಕೋಟ್ಟೂರುಪುರಂ, ಸೈದಾಪೇಟೆಗಳು ಮುಳುಗಿದಾಗ ಮೀನುಗಾರರು ತಮ್ಮ ಫೈಬರ್ ದೋಣಿಗಳನ್ನು ಲಾರಿಗೆ ಹೇರಿ ತಂದು ಜನರನ್ನು ದಾಟಿಸಿದರು. 2023ರ ಡಿಸೆಂಬರಿನಲ್ಲಿ ಮಿಚಾಂಗ್ ಚಂಡಮಾರುತ ಬಂದಾಗಲೂ ವೇಳಚೇರಿ, ಪಳ್ಳಿಕರಣೆಯ ಕಡೆ ದೋಣಿಗಳೇ ಗತಿಯಾದವು. ಇಂಥ ಹೊತ್ತಿನಲ್ಲಿ ದೋಣಿಯ ಹಿಂಬದಿಗೆ ಸಿಕ್ಕಿಸುವ ಔಟ್‌ಬೋರ್ಡ್ ಎಂಜಿನ್ ಕೈಕೊಡಲು ಪೆಟ್ರೋಲ್ ಮುಗಿಯಬೇಕಾಗಿಲ್ಲ. ನೀರು ಒಳಗೆ ಹೋಗುವ ಜಾಲರಿಗೆ ಒಂದು ಪ್ಲಾಸ್ಟಿಕ್ ಚೀಲ ಅಂಟಿಕೊಂಡರೂ ಸಾಕು.

ಕಾರಿಗಿರುವಂತೆ ಈ ಎಂಜಿನ್ನಿಗೆ ರೇಡಿಯೇಟರ್ ಇಲ್ಲ. ತಾನು ನಿಂತ ನೀರನ್ನೇ ಹೀರಿ, ಮೈಯೆಲ್ಲ ಸುತ್ತಿಸಿ, ಮತ್ತೆ ಹೊರಗೆ ಚೆಲ್ಲುತ್ತದೆ. ಉರಿದ ಇಂಧನದ ಶಕ್ತಿಯಲ್ಲಿ ಹೆಚ್ಚೆಂದರೆ ಸುಮಾರು ಮೂರನೇ ಒಂದು ಭಾಗ ಮಾತ್ರ ಪ್ರೊಪೆಲ್ಲರನ್ನು ತಿರುಗಿಸುತ್ತದೆ. ಹೆಚ್ಚುಕಡಿಮೆ ಅಷ್ಟೇ ಶಾಖವನ್ನು ನೀರು ಹೊತ್ತೊಯ್ಯಬೇಕು, ಉಳಿದದ್ದು ಹೊಗೆಯಲ್ಲಿ ಹೋಗುತ್ತದೆ. 10 ಅಶ್ವಶಕ್ತಿಯ ಎಂಜಿನ್ ಪೂರ್ತಿ ವೇಗದಲ್ಲಿದ್ದಾಗ ನೀರಿಗೆ ಸೇರುವ ಶಾಖ ಸುಮಾರು 7 ಕಿಲೋವಾಟ್. ನೀರು 20 ಡಿಗ್ರಿಯಷ್ಟು ಬಿಸಿಯಾಗಿ ಹೊರಬೀಳುವುದಾದರೆ ನಿಮಿಷಕ್ಕೆ ಸುಮಾರು 5 ಲೀಟರ್ ಬೇಕು. ಹರಿವು ನಿಂತರೆ ಕೆಲವೇ ನಿಮಿಷಗಳಲ್ಲಿ ಪಿಸ್ಟನ್ ಹಿಗ್ಗಿ ಸಿಲಿಂಡರಿಗೆ ಕಚ್ಚಿಕೊಳ್ಳಬಹುದು.

ಈ ನೀರನ್ನು ಮೇಲೆತ್ತುವುದು ಅಂಗೈಯಲ್ಲಿ ಹಿಡಿಸುವ ಒಂದು ರಬ್ಬರ್ ಚಕ್ರ, ಇಂಪೆಲ್ಲರ್. ಅದು ತನ್ನ ಗೂಡಿನ ನಟ್ಟನಡುವೆ ಕೂತಿರುವುದಿಲ್ಲ, ಒಂದು ಬದಿಗೆ ಸರಿದಿರುತ್ತದೆ. ಹಾಗಾಗಿ ತಿರುಗುವಾಗ ಅದರ ರೆಕ್ಕೆಗಳು ಅಗಲ ಬದಿಯಲ್ಲಿ ನೆಟ್ಟಗಾಗಿ ನೀರನ್ನು ಹೀರುತ್ತವೆ, ಕಿರಿದಾದ ಬದಿಯಲ್ಲಿ ಬಾಗಿ ಅದನ್ನು ಮೇಲಕ್ಕೆ ಒತ್ತುತ್ತವೆ. ಅಲ್ಲಿಂದ ನೀರು ಕೊಳವೆಯಲ್ಲಿ ಏರಿ, ಸಿಲಿಂಡರುಗಳ ಸುತ್ತ ಹರಿದು, ಹೊಗೆಯೊಂದಿಗೆ ಕೆಳಗಿಳಿಯುತ್ತದೆ. ಅದರಲ್ಲಿ ಸ್ವಲ್ಪ ಭಾಗ ಮಾತ್ರ ಎಂಜಿನ್ನಿನ ಬದಿಯ ಸಣ್ಣ ತೂತಿನಿಂದ ಎಳೆಯಾಗಿ ಚಿಮ್ಮುತ್ತದೆ. ಪಂಪ್ ಕೆಲಸ ಮಾಡುತ್ತಿದೆ ಎಂಬುದಕ್ಕೆ ಅದೇ ಗುರುತು.

ಆ ಎಳೆ ನಿಂತಿತೆಂದರೆ ಮೊದಲು ಎಂಜಿನ್ ಆರಿಸಬೇಕು, ಹುಡುಕಾಟ ಆಮೇಲೆ. ಎಂಜಿನ್ನನ್ನು ಮೇಲಕ್ಕೆ ಬಾಗಿಸಿ, ಪ್ರೊಪೆಲ್ಲರಿನ ಮೇಲ್ಭಾಗದ ಜಾಲರಿಗೆ ಕಸ, ಬಲೆಯ ಚೂರು ಸಿಕ್ಕಿದೆಯೇ ನೋಡಿ. ಜಾಲರಿ ಚೊಕ್ಕವಾಗಿದ್ದರೆ ಎಳೆ ಚಿಮ್ಮುವ ತೂತಿಗೆ ಗಟ್ಟಿ ನೈಲಾನ್ ದಾರ ತೂರಿಸಿ. ಎಷ್ಟೋ ಸಲ ಅಲ್ಲಿ ಉಪ್ಪು ಕಟ್ಟಿಕೊಂಡಿರುತ್ತದೆ ಅಥವಾ ಹುಳು ಗೂಡು ಮಾಡಿರುತ್ತದೆ. ಎರಡೂ ಸರಿಯಿದ್ದರೆ ಅನುಮಾನ ಇಂಪೆಲ್ಲರಿನ ಮೇಲೆ. ಅದನ್ನು ಬಿಚ್ಚಿದಾಗ ರೆಕ್ಕೆಯ ತುಂಡು ಕಾಣೆಯಾಗಿದ್ದರೆ ಹೊಸದನ್ನು ಹಾಕಿ ಸುಮ್ಮನಾಗಬಾರದು. ಮುರಿದ ತುಂಡು ಮೇಲಿನ ಕೊಳವೆಯಲ್ಲಿ ಸಿಕ್ಕಿಕೊಂಡು ನಾಳೆ ಮತ್ತೆ ದಾರಿ ಕಟ್ಟುತ್ತದೆ.

ಎಳೆ ಚೆನ್ನಾಗಿ ಚಿಮ್ಮುತ್ತಿದ್ದೂ ಎಂಜಿನ್ ಕಾದರೆ? ಹಲವು ಎಂಜಿನ್ನುಗಳಲ್ಲಿ ಆ ಎಳೆ ಥರ್ಮೋಸ್ಟಾಟಿಗಿಂತ (ನೀರು ಕಾದಾಗ ತೆರೆದುಕೊಳ್ಳುವ ಕವಾಟ) ಮೊದಲೇ ಕವಲೊಡೆದಿರುತ್ತದೆ. ಪಂಪ್ ಸರಿಯಿದೆ ಎಂದಷ್ಟೇ ಅದು ಹೇಳಬಲ್ಲದು. ಹಲವು ಔಟ್‌ಬೋರ್ಡುಗಳ ಥರ್ಮೋಸ್ಟಾಟ್ 50ರಿಂದ 60 ಡಿಗ್ರಿಯ ಆಸುಪಾಸಿನಲ್ಲಿ ತೆರೆದುಕೊಳ್ಳಬೇಕು. ಉಪ್ಪು ಹಿಡಿದು ಮುಚ್ಚಿದಂತೆಯೇ ನಿಂತರೆ ಬಿಸಿನೀರು ಒಳಗೇ ಉಳಿಯುತ್ತದೆ. ಬಿಚ್ಚಿ, ನೀರಿನ ಪಾತ್ರೆಯಲ್ಲಿ ತೂಗುಬಿಟ್ಟು ಕಾಯಿಸಿದರೆ ಅದು ತೆರೆಯುತ್ತದೋ ಇಲ್ಲವೋ ಕಣ್ಣಿಗೇ ಕಾಣುತ್ತದೆ.

ಕಾರಿನ ಥರ್ಮೋಸ್ಟಾಟ್ 80 ಡಿಗ್ರಿ ದಾಟಿದ ಮೇಲೆ ತೆರೆಯುವಾಗ ಇಲ್ಲೇಕೆ ಇಷ್ಟು ಕಡಿಮೆ? ಸಕ್ಕರೆ ಬಿಸಿನೀರಿನಲ್ಲಿ ಹೆಚ್ಚು ಕರಗುತ್ತದೆ, ಕ್ಯಾಲ್ಸಿಯಂ ಕಾರ್ಬೊನೇಟ್ ಕಡಿಮೆ ಕರಗುತ್ತದೆ. ಸಮುದ್ರದ ನೀರು ಕಾದಷ್ಟೂ ಅದು ಹೊರಬಂದು ಕೊಳವೆಯ ಗೋಡೆಗೆ ಗಟ್ಟಿಯಾಗಿ ಹತ್ತುತ್ತದೆ. ಈ ಪದರ ಶಾಖವನ್ನು ಸುಲಭವಾಗಿ ದಾಟಿಸುವುದಿಲ್ಲ, ನೀರಿನ ದಾರಿಯನ್ನೂ ಕಿರಿದು ಮಾಡುತ್ತದೆ. ಅದಕ್ಕೇ ಇಲ್ಲಿ ನೀರನ್ನು ಅಷ್ಟು ಕಾಯಲು ಬಿಡುವುದಿಲ್ಲ.

ಚೆನ್ನೈನಲ್ಲಿ ಇನ್ನೊಂದು ಕಷ್ಟವಿದೆ. ಪಟ್ಟಿನಪಾಕ್ಕಂ, ನೊಚ್ಚಿಕುಪ್ಪಂನಂಥ ಕಡೆ ದೋಣಿಯನ್ನು ಮರಳಿನಿಂದಲೇ ಅಲೆಗೆ ತಳ್ಳುತ್ತಾರೆ. ಅಲೆ ಒಡೆಯುವ ಜಾಗದ ನೀರಿನ ತುಂಬ ಮರಳು. ಅದು ಪಂಪಿನ ಗೂಡನ್ನು ಉಜ್ಜುತ್ತ ಬರುತ್ತದೆ. ಪ್ರವಾಹದ ನೀರಿನಲ್ಲಂತೂ ಹೂಳು, ಪ್ಲಾಸ್ಟಿಕ್, ಬಟ್ಟೆ ಎಲ್ಲವೂ ಇರುತ್ತವೆ. ನಾವು ಕಾಲುವೆಗೆ ಎಸೆದದ್ದೇ ನಮ್ಮನ್ನು ಕಾಪಾಡಲು ಬರುವ ದೋಣಿಯ ಎಂಜಿನ್ನನ್ನು ಕೆಡಿಸುತ್ತದೆ.

ಪರಿಹಾರ ದುಬಾರಿಯದೇನಲ್ಲ. ಸಮುದ್ರದಿಂದ ಬಂದ ಮೇಲೆ ಹತ್ತು ನಿಮಿಷ ಸಿಹಿನೀರು ಹರಿಸಿ ತೊಳೆಯಬೇಕು. ಆದರೆ ನೀರಿಲ್ಲದೆ ಎಂಜಿನ್ ಚಾಲೂ ಮಾಡಬಾರದು. ಇಂಪೆಲ್ಲರಿನ ರಬ್ಬರಿಗೆ ನೀರೇ ಕೀಲೆಣ್ಣೆ, ಅದಿಲ್ಲದೆ ತಿರುಗಿದರೆ ಸ್ವಲ್ಪ ಹೊತ್ತಿನಲ್ಲೇ ಸುಟ್ಟು ಹರಿಯುತ್ತದೆ. ಹೆಚ್ಚು ಓಡಿಸದಿದ್ದರೂ ಬಾಗಿದ ರೆಕ್ಕೆಗಳು ಬಾಗಿದಂತೆಯೇ ಗಟ್ಟಿಯಾಗುವುದರಿಂದ ವರ್ಷಕ್ಕೊಮ್ಮೆ ಬದಲಿಸುವುದು ಒಳ್ಳೆಯದು. ಚೆನ್ನೈಗೆ ದೊಡ್ಡ ಮಳೆ ಬರುವುದು ಅಕ್ಟೋಬರಿನಿಂದ ಡಿಸೆಂಬರಿನವರೆಗೆ. ಮೀನುಗಾರರಿರಲಿ, ರಕ್ಷಣಾ ತಂಡಗಳಿರಲಿ, ಸೆಪ್ಟೆಂಬರ್ ಮುಗಿಯುವ ಮೊದಲು ಹೊಸ ಇಂಪೆಲ್ಲರ್ ಹಾಕಿಸಿ, ಇನ್ನೊಂದನ್ನು ದೋಣಿಯಲ್ಲೇ ಇಟ್ಟುಕೊಳ್ಳಿ.