ಸರ್ಕಸ್ ಸೇರಿದರೆ ದುಃಖ ಹೋಗುತ್ತದೆಯೇ?



ಕಥೆ ಪುಸ್ತಕಗಳಲ್ಲಿ ನೀವು ಒಂದು ಸಂಗತಿ ಗಮನಿಸಿರಬಹುದು. ಅಪ್ಪನನ್ನೋ ಅವ್ವನನ್ನೋ ಕಳೆದುಕೊಂಡ ಹುಡುಗ ಮನೆ ಬಿಟ್ಟು ಹೋಗಿ ಸರ್ಕಸ್ ಸೇರುತ್ತಾನೆ. ಅಲ್ಲಿ ಅವನಿಗೆ ಹೊಸ ಮನೆ, ಹೊಸ ಅಣ್ಣಂದಿರು ಸಿಗುತ್ತಾರೆ. ಕೊನೆಗೆ ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ. ಇದು ನಿಜವೇ? ಈ ಪ್ರಶ್ನೆಗೆ ನಾನು ತಿಳಿದುಕೊಂಡ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ. ಇದನ್ನು ಬರೆಯಲು ಕಾರಣ ಇದೆ. ಕಳೆದ ವರ್ಷ ನಾನೂ ಹಾಗೇ ಹೊರಟಿದ್ದೆ.

ನಾನು ಹೊರಟದ್ದು

ನಾನು ಮೂರನೇ ಕ್ಲಾಸಿನಲ್ಲಿದ್ದಾಗ ಅಪ್ಪ ಅರಿಸಿನ ಮಾರಿದ ದುಡ್ಡಿನಲ್ಲಿ ನನ್ನನ್ನು ಮೈಸೂರಿಗೆ ಕರೆದುಕೊಂಡು ಹೋಗಿ ಸರ್ಕಸ್ ತೋರಿಸಿದ್ದರು. ಮೇಲೆ ಜೋಕಾಲಿಯಲ್ಲಿ ಆಡುತ್ತಿದ್ದವನು ಕೈ ಬಿಟ್ಟಾಗ ಅಪ್ಪ ಎದ್ದು ನಿಂತುಬಿಟ್ಟರು. “ನೋಡ್ಲಾ ಮಗ, ಕೈ ಬುಟ್ಬುಟ್ಟ ಕನಾ!” ಅಂದರು. ಆ ಕಡೆಯವನು ಹಿಡಿದ ಮೇಲೆಯೇ ಅವರು ಕೂತದ್ದು. ಹಿಂದಿನ ಸಾಲಿನವರು ಬೈದರೂ ಕೇಳಲಿಲ್ಲ.

ಕಳೆದ ವರ್ಷ ಆಷಾಢದಲ್ಲಿ ಅಪ್ಪ ತೀರಿಕೊಂಡರು. ಮೂರು ದಿನದ ಜ್ವರ ಅಷ್ಟೆ. ತಿಥಿ ಮುಗಿದ ಮೇಲೂ ಅವರ ಟವೆಲ್ಲು ಗೂಟದಲ್ಲೇ ನೇತಾಡುತ್ತಿತ್ತು. ಅವ್ವ ಅದನ್ನು ತೆಗೆಯಲಿಲ್ಲ, ನಾನೂ ತೆಗೆಯಲಿಲ್ಲ. ಮನೆಗೆ ಹೋದರೆ ಉಸಿರು ಕಟ್ಟಿದ ಹಾಗೆ ಆಗುತ್ತಿತ್ತು. ಅದೇ ಸಮಯಕ್ಕೆ ಮೈಸೂರಿಗೆ ಸರ್ಕಸ್ ಬಂದಿದೆ ಎಂದು ಯಾರೋ ಹೇಳಿದರು. ಒಂದು ಸೋಮವಾರ ಸ್ಕೂಲಿಗೆ ಅಂತ ಹೊರಟವನು ಗುಂಡ್ಲುಪೇಟೆಗೆ ಹೋಗಿ, ಅಲ್ಲಿಂದ ಮೈಸೂರಿನ ಬಸ್ಸು ಹತ್ತಿದೆ. ಮುಂದೆ ಆದದ್ದನ್ನು ಆಮೇಲೆ ಹೇಳುತ್ತೇನೆ. ಮೊದಲು ಸರ್ಕಸ್ ಎಂದರೇನು ಎಂದು ತಿಳಿಯೋಣ.

ಸರ್ಕಸ್ ಹುಟ್ಟಿದ ಬಗೆ

ಈಗಿನ ರೀತಿಯ ಸರ್ಕಸ್ಸನ್ನು ಶುರು ಮಾಡಿದವರು ಇಂಗ್ಲೆಂಡಿನ ಫಿಲಿಪ್ ಆಸ್ಟ್ಲಿ ಎಂಬ ಕುದುರೆ ಸವಾರ. 1768ರಲ್ಲಿ ಅವರು ಲಂಡನ್ನಿನಲ್ಲಿ ಕುದುರೆಯನ್ನು ವೃತ್ತದಲ್ಲಿ ಓಡಿಸಿ ಅದರ ಬೆನ್ನ ಮೇಲೆ ನಿಂತು ತೋರಿಸಿದರು. ವೃತ್ತವೇ ಯಾಕೆ? ಕುದುರೆ ಸುತ್ತು ಹಾಕುವಾಗ ಒಳಗಡೆಗೆ ವಾಲುತ್ತದೆ, ಸವಾರನೂ ವಾಲುತ್ತಾನೆ. ಆಗ ಹೊರಗೆ ಎಳೆಯುವಂತೆ ಅನಿಸುವ ಬಲಕ್ಕೂ ಅವನ ತೂಕಕ್ಕೂ ಸರಿಹೊಂದಿ ನಿಲ್ಲುವುದು ಸುಲಭವಾಗುತ್ತದೆ. ಸೈಕಲ್ಲಿನಲ್ಲಿ ತಿರುವು ತೆಗೆದುಕೊಳ್ಳುವಾಗ ನಾವು ವಾಲುವುದಿಲ್ಲವೇ, ಹಾಗೆಯೇ. ಸರ್ಕಸ್ಸಿನ ರಿಂಗಿಗೆ 42 ಅಡಿ ಅಗಲ ಎಂಬ ಅಳತೆ ಬಂದದ್ದೂ ಹೀಗೆ ಕುದುರೆ ಓಟದಿಂದಲೇ.

ಜೋಕಾಲಿಯಿಂದ ಜೋಕಾಲಿಗೆ ಹಾರುವ ಆಟವನ್ನು ಫ್ರಾನ್ಸಿನ ಜೂಲ್ಸ್ ಲಿಯೊಟಾರ್ಡ್ ಎಂಬ ಯುವಕ 1859ರಲ್ಲಿ ಪ್ಯಾರಿಸ್ಸಿನಲ್ಲಿ ಮೊದಲು ತೋರಿಸಿದ. ಇದಕ್ಕೆ ಟ್ರಪೀಜ್ ಎಂದು ಹೆಸರು.

ನಮ್ಮ ದೇಶದ ಮೊದಲ ಸರ್ಕಸ್ ಕಟ್ಟಿದವರು ಮಹಾರಾಷ್ಟ್ರದ ವಿಷ್ಣುಪಂತ ಛತ್ರೆ. ಅವರು ಕುರುಂದವಾಡದ ರಾಜರ ಕುದುರೆ ಲಾಯ ನೋಡಿಕೊಳ್ಳುತ್ತಿದ್ದರು. ಇಟಲಿಯ ಕಿಯಾರಿನಿ ಎಂಬುವರ ಸರ್ಕಸ್ ಮುಂಬಯಿಗೆ ಬಂದಾಗ ಅದನ್ನು ನೋಡಿ, ನಾವೂ ಯಾಕೆ ಮಾಡಬಾರದು ಎಂದುಕೊಂಡು 1880ರಲ್ಲಿ ‘ಗ್ರೇಟ್ ಇಂಡಿಯನ್ ಸರ್ಕಸ್’ ಆರಂಭಿಸಿದರು.

ನಮ್ಮ ದಾರಿಯ ಆ ತುದಿ

ಗುಂಡ್ಲುಪೇಟೆಯಿಂದ ಕಾಡಿನೊಳಗೆ ಹೋಗುವ ಕೇರಳದ ರಸ್ತೆ ನಿಮಗೆಲ್ಲ ಗೊತ್ತು. ನಮ್ಮೂರಿನ ಕಡೆಯ ತರಕಾರಿ, ಚೆಂಡು ಹೂವು ಲಾರಿಯಲ್ಲಿ ಹೋಗುವುದು ಅದೇ ರಸ್ತೆಯಲ್ಲಿ. ಸುಲ್ತಾನ್ ಬತ್ತೇರಿ, ವಯನಾಡು ದಾಟಿ ಘಟ್ಟ ಇಳಿದು ಸಮುದ್ರದ ಕಡೆ ಹೋದರೆ ತಲಶ್ಶೇರಿ ಎಂಬ ಊರು ಸಿಗುತ್ತದೆ. ಭಾರತದ ಸರ್ಕಸ್ಸಿನ ತೊಟ್ಟಿಲು ಎಂದು ಕರೆಯುವುದು ಆ ಊರನ್ನೇ.

ಅಲ್ಲಿ ಕೀಲೇರಿ ಕುಂಞಿಕ್ಕಣ್ಣನ್ ಎಂಬ ಮೇಷ್ಟ್ರು ಇದ್ದರು. ಅವರು ಕಳರಿ ವಿದ್ಯೆ ಮತ್ತು ಅಂಗಸಾಧನೆ ಕಲಿಸುತ್ತಿದ್ದರು. ಛತ್ರೆಯವರ ಸರ್ಕಸ್ ಅಲ್ಲಿಗೆ ಬಂದಾಗ ಇಬ್ಬರಿಗೂ ಪರಿಚಯವಾಯಿತು. 1901ರಲ್ಲಿ ಕುಂಞಿಕ್ಕಣ್ಣನ್ ಮೇಷ್ಟ್ರು ತಲಶ್ಶೇರಿ ಹತ್ತಿರದ ಚಿರಕ್ಕರದಲ್ಲಿ ಸರ್ಕಸ್ ಶಾಲೆಯನ್ನೇ ತೆರೆದರು. ಮುಂದೆ ದೇಶದ ಎಷ್ಟೋ ದೊಡ್ಡ ಸರ್ಕಸ್ಸುಗಳನ್ನು ಕಟ್ಟಿದವರು, ಆಡಿದವರು ಆ ಸೀಮೆಯವರೇ. 1951ರಲ್ಲಿ ಶುರುವಾದ ಜೆಮಿನಿ ಸರ್ಕಸ್ಸಿನ ಶಂಕರನ್ ಕೂಡ ಆ ಕಡೆಯವರು. ಅವರು 2023ರಲ್ಲಿ ತೀರಿಕೊಂಡರು.

ಹಾರುವುದು ಹೇಗೆ?

ಈಗ ಮೈಸೂರಿಗೆ ಬರೋಣ. ನಾನು ಹೋದಾಗ ಮಧ್ಯಾಹ್ನದ ಆಟ ಇನ್ನೂ ಶುರುವಾಗಿರಲಿಲ್ಲ. ಡೇರೆಯ ಹಿಂದೆ ಸಾಲಾಗಿ ಚಿಕ್ಕ ಚಿಕ್ಕ ಗುಡಾರಗಳು. ಹಗ್ಗದ ಮೇಲೆ ಒಗೆದ ಬಟ್ಟೆ, ಒಂದು ಕಡೆ ದೊಡ್ಡ ಪಾತ್ರೆಯಲ್ಲಿ ಅನ್ನ ಬೇಯುತ್ತಿತ್ತು. ಅಲ್ಲಿ ಬೆಳ್ಳುಳ್ಳಿ ಬಿಡಿಸುತ್ತಾ ಕುಳಿತಿದ್ದ ವಯಸ್ಸಾದ ಒಬ್ಬರು “ಏನಪ್ಪ, ಟಿಕೆಟ್ ಆ ಕಡೆ” ಅಂದರು. ನಾನು “ಸೇರಕ್ಕೆ ಬಂದಿವ್ನಿ” ಅಂದೆ. ಅವರು ನಗಲಿಲ್ಲ. ಕೂರಿಸಿ ಊಟ ಹಾಕಿದರು. ಅವರು ಮೊದಲು ಟ್ರಪೀಜ್ ಆಡುತ್ತಿದ್ದವರಂತೆ. ಮಲಯಾಳ ಬೆರೆತ ಕನ್ನಡದಲ್ಲಿ ಅವರು ನನಗೆ ಹೇಳಿದ್ದನ್ನು ಇಲ್ಲಿ ವಿವರಿಸುತ್ತೇನೆ.

ಟ್ರಪೀಜ್ ಎಂದರೆ ನಾವು ವಿಜ್ಞಾನದಲ್ಲಿ ಓದಿದ ಲೋಲಕವೇ. ಅದು ಒಂದು ಸಲ ಹೋಗಿ ಬರಲು ಹಿಡಿಯುವ ಹೊತ್ತು ಹಗ್ಗದ ಉದ್ದದ ಮೇಲೆ ನಿಂತಿದೆ, ತೂಕದ ಮೇಲೆ ಅಲ್ಲ. ದಪ್ಪಗಿರುವವನು ಕೂತರೂ ಸಣ್ಣಗಿರುವವನು ಕೂತರೂ ಹೆಚ್ಚುಕಡಿಮೆ ಅಷ್ಟೇ ಹೊತ್ತು. ಆದ್ದರಿಂದಲೇ ಎರಡು ಕಡೆಯವರು ಲೆಕ್ಕ ಇಟ್ಟು ಒಂದೇ ಗಳಿಗೆಗೆ ಸೇರಲು ಆಗುತ್ತದೆ. ಜೋಕಾಲಿ ತುದಿಗೆ ಹೋದಾಗ ಒಂದು ಕ್ಷಣ ನಿಂತ ಹಾಗೆ ಆಗುತ್ತದಲ್ಲ, ಹುಣಸೆ ಮರದ ಉಯ್ಯಾಲೆಯಲ್ಲಿ ಹೊಟ್ಟೆ ಜುಮ್ ಅನ್ನುವ ಜಾಗ, ಅಲ್ಲಿಗೆ ಬರುವಾಗ ಹಾರುವವನು ಕೈ ಬಿಡಬೇಕು. ಬೇಗ ಬಿಟ್ಟರೂ ಕೆಟ್ಟಿತು, ತಡವಾದರೂ ಕೆಟ್ಟಿತು.

ಆ ಕಡೆ ಮಂಡಿ ಮಡಚಿ ತಲೆಕೆಳಗಾಗಿ ನೇತಾಡುವವನು ಹಿಡಿಯುವವನು. ಇಲ್ಲಿ ಒಂದು ನಿಯಮ ಇದೆ. ಹಾರುವವನು ತಾನೇ ಹಿಡಿಯಲು ತಡಕಾಡಬಾರದು. ಕೈಗಳನ್ನು ಚಾಚಿ ಸುಮ್ಮನೆ ಇಡಬೇಕು. ಮಣಿಕಟ್ಟು ಹಿಡಿಯುವುದು ಹಿಡಿಯುವವನ ಕೆಲಸ. ಗಾಬರಿಯಿಂದ ತಡಕಾಡಿದರೆ ಬೆರಳು ಮುರಿಯಬಹುದು, ಇಬ್ಬರೂ ಬೀಳಬಹುದು.

ಇನ್ನೊಂದು ವಿಷಯ. ಮೊದಲು ಕಲಿಸುವುದು ಹಾರುವುದನ್ನಲ್ಲ, ಬೀಳುವುದನ್ನು! ಬಲೆಗೆ ಬೆನ್ನು ಕೊಟ್ಟು, ಗಲ್ಲವನ್ನು ಎದೆಗೆ ಒತ್ತಿಕೊಂಡು ಬೀಳಬೇಕು. ಕಾಲು ಕೊಟ್ಟು ಬಿದ್ದರೆ ಕಾಲು ಮುರಿಯುತ್ತದೆ, ಮುಖ ಕೊಟ್ಟರೆ ಕತ್ತು ಉಳುಕುತ್ತದೆ. ಇದನ್ನು ನೂರಾರು ಸಲ ಮಾಡಿಸಿದ ಮೇಲೆ ಜೋಕಾಲಿ.

ನನ್ನನ್ನು ಯಾಕೆ ಸೇರಿಸಿಕೊಳ್ಳಲಿಲ್ಲ?

ಊಟ ಆದ ಮೇಲೆ ಅವರು ವಯಸ್ಸು ಕೇಳಿದರು. ಹದಿನಾಲ್ಕು ಅಂದೆ. “ಹಾಗಾದರೆ ಆಗಲ್ಲ ಮಗನೇ, ಕಾನೂನು ಇದೆ” ಅಂದರು.

ಹಿಂದೆ ಸರ್ಕಸ್ಸುಗಳಲ್ಲಿ ಪುಟ್ಟ ಮಕ್ಕಳೂ ಆಡುತ್ತಿದ್ದರು. ನೇಪಾಳದಿಂದಲೂ ನಮ್ಮ ದೇಶದ ಬಡ ಹಳ್ಳಿಗಳಿಂದಲೂ ಮಕ್ಕಳನ್ನು ವರ್ಷಗಟ್ಟಲೆ ಕರಾರು ಮಾಡಿಸಿಕೊಂಡು ತರುತ್ತಿದ್ದರು. ಎಷ್ಟೋ ಮಕ್ಕಳಿಗೆ ಮನೆಗೆ ಹೋಗಲು ಬಿಡುತ್ತಿರಲಿಲ್ಲ, ಹೊಡೆತ ಬೇರೆ. ಬಚಪನ್ ಬಚಾವೋ ಆಂದೋಲನ ಎಂಬ ಸಂಸ್ಥೆ ಇದರ ವಿರುದ್ಧ ಸುಪ್ರೀಂ ಕೋರ್ಟಿಗೆ ಹೋಯಿತು. 2011ರ ಏಪ್ರಿಲ್‌ನಲ್ಲಿ ಕೋರ್ಟು, ಸರ್ಕಸ್ಸಿನಲ್ಲಿ ಮಕ್ಕಳನ್ನು ದುಡಿಸುವುದನ್ನು ನಿಷೇಧಿಸಬೇಕು, ಇರುವ ಮಕ್ಕಳನ್ನು ಬಿಡಿಸಬೇಕು ಎಂದು ಸರ್ಕಾರಕ್ಕೆ ಆದೇಶ ಕೊಟ್ಟಿತು. 2016ರಲ್ಲಿ ಬಾಲಕಾರ್ಮಿಕ ಕಾನೂನು ತಿದ್ದುಪಡಿಯಾದಾಗ, ಹದಿನಾಲ್ಕು ವರ್ಷದೊಳಗಿನವರು ಓದಿಗೆ ತೊಂದರೆಯಾಗದಂತೆ ಸಿನಿಮಾ, ಟೀವಿಯಲ್ಲಿ ನಟಿಸಬಹುದು ಎಂದು ಬರೆದರು. ಆದರೆ ಸರ್ಕಸ್ಸನ್ನು ಮಾತ್ರ ಹೆಸರಿಟ್ಟು ಹೊರಗಿಟ್ಟರು. ನನಗೆ ಅಷ್ಟು ವಯಸ್ಸು ತುಂಬಿತ್ತು ನಿಜ. ಆದರೂ ಹದಿನೆಂಟು ಆಗದವರನ್ನು ನಾವು ತೆಗೆದುಕೊಳ್ಳಲ್ಲ ಎಂದು ಅವರು ಹೇಳಿಬಿಟ್ಟರು.

ಸರ್ಕಸ್ಸಿನಲ್ಲಿ ಅಪಾಯವೂ ಇದೆ. ಬೆಂಗಳೂರಿನಲ್ಲಿ 1981ರ ಫೆಬ್ರವರಿ 7ರಂದು ವೀನಸ್ ಸರ್ಕಸ್ಸಿನ ಡೇರೆಗೆ ಬೆಂಕಿ ಬಿದ್ದು ತೊಂಬತ್ತಕ್ಕೂ ಹೆಚ್ಚು ಜನ ಸತ್ತರು. ಅವರಲ್ಲಿ ಹೆಚ್ಚಿನವರು ನೋಡಲು ಹೋಗಿದ್ದ ನಮ್ಮಂಥ ಮಕ್ಕಳೇ.

ಪ್ರಾಣಿಗಳ ಕಷ್ಟವೂ ಕಡಿಮೆ ಇರಲಿಲ್ಲ. ಹುಲಿ, ಸಿಂಹ, ಚಿರತೆ, ಕರಡಿ, ಕೋತಿಗಳನ್ನು ಆಡಿಸಬಾರದು ಎಂದು 1998ರಲ್ಲಿ ಸರ್ಕಾರ ಹೇಳಿತು, 2001ರಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿ ಹಿಡಿಯಿತು. ನಮ್ಮ ಬಂಡೀಪುರದಲ್ಲಿ ಹುಲಿ ತನ್ನ ಪಾಡಿಗೆ ತಾನು ಇರುವುದನ್ನು ನೋಡಿದವರಿಗೆ ಇದು ಸರಿ ಎಂದೇ ಅನಿಸುತ್ತದೆ. ಆದರೆ ಪ್ರಾಣಿಗಳು ಹೋದ ಮೇಲೆ ಜನ ಬರುವುದು ಕಡಿಮೆಯಾಗಿ, ಸರ್ಕಸ್ಸಿನವರ ಹೊಟ್ಟೆಪಾಡು ಕಷ್ಟವಾಗಿದೆ ಎಂಬುದೂ ನಿಜ.

ಕಂಪನಿ ಸೇರಿದ ನಮ್ಮವರು

ನಮ್ಮ ಸೀಮೆಯಲ್ಲಿ ಹುಡುಗರು ಹೋಗುತ್ತಿದ್ದದ್ದು ಸರ್ಕಸ್ಸಿಗಲ್ಲ, ನಾಟಕ ಕಂಪನಿಗೆ. ಚಾಮರಾಜನಗರದ ಆಚೆಯ ಗಾಜನೂರಿನ ಮುತ್ತುರಾಜ, ಅಂದರೆ ನಮ್ಮ ಡಾ. ರಾಜಕುಮಾರ್, ಚಿಕ್ಕ ವಯಸ್ಸಿನಲ್ಲೇ ಓದು ಬಿಟ್ಟು ತಂದೆ ಪುಟ್ಟಸ್ವಾಮಯ್ಯನವರ ಜೊತೆ ಕಂಪನಿಯಲ್ಲಿ ಬೆಳೆದರು. ತಂದೆ 1951ರಲ್ಲಿ ತೀರಿಕೊಂಡರು. ಮಗ ‘ಬೇಡರ ಕಣ್ಣಪ್ಪ’ದಲ್ಲಿ ನಾಯಕನಾದದ್ದು 1954ರಲ್ಲಿ. ಮಗ ಪರದೆಯ ಮೇಲೆ ನಾಯಕನಾಗಿ ಬಂದಾಗ ನೋಡಲು ಅಪ್ಪ ಇರಲಿಲ್ಲ. ಇದನ್ನು ಓದಿದಾಗ ನಾನು ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ.

ಇನ್ನೊಬ್ಬರು ಬಿ.ವಿ. ಕಾರಂತರು. ದಕ್ಷಿಣ ಕನ್ನಡದ ಮಂಚಿಯವರು. ಬಾಲಕನಾಗಿದ್ದಾಗ ಮನೆಯಿಂದ ಓಡಿಬಂದು ಗುಬ್ಬಿ ವೀರಣ್ಣನವರ ಕಂಪನಿ ಸೇರಿದರು. ಮುಂದೆ ಅವರನ್ನು ಎಂ.ಎ. ಓದಲು ಕಾಶಿಗೆ ಕಳಿಸಿದ್ದು ಅದೇ ವೀರಣ್ಣನವರು! 1989ರಲ್ಲಿ ಮೈಸೂರಿನಲ್ಲಿ ರಂಗಾಯಣ ಆರಂಭಿಸಿದ್ದು ಇದೇ ಕಾರಂತರು. ಅಂದರೆ ಓಡಿಬಂದ ಹುಡುಗನನ್ನು ಕೂಡ ಒಳ್ಳೆಯ ದೊಡ್ಡವರು ಓದಿನ ಕಡೆಗೇ ಕಳಿಸಿದರು.

ಉತ್ತರ

‘ಮೇರಾ ನಾಮ್ ಜೋಕರ್’ ಎಂಬ 1970ರ ಹಿಂದಿ ಸಿನಿಮಾದಲ್ಲಿ ಜೋಕರನ ತಾಯಿ ಅವನ ಆಟ ನೋಡುತ್ತಲೇ ಸಾಯುತ್ತಾಳೆ. ಆಗಲೂ ಅವನು ಜನರನ್ನು ನಗಿಸಲು ಹೋಗಬೇಕಾಗುತ್ತದೆ. ನಾನು ಆ ಹಿರಿಯರನ್ನು ಕೇಳಿದೆ, “ಇಲ್ಲಿದ್ದರೆ ದುಃಖ ಮರೆತುಹೋಗುತ್ತಾ?” ಎಂದು. ಅವರು ಹೇಳಿದರು: “ಮರೆಯಲ್ಲ. ಮೂರು ಆಟ ಆಡಿದರೆ ನಿದ್ದೆ ಬರುತ್ತೆ, ಅಷ್ಟೆ. ನನ್ನ ಅಮ್ಮ ಹೋದಾಗ ನಾನು ದೂರದ ಊರಲ್ಲಿ ಆಡ್ತಿದ್ದೆ. ಮುಖ ನೋಡಕ್ಕೆ ಆಗಲಿಲ್ಲ. ನಿನ್ನ ಅಮ್ಮ ಈಗ ಎಲ್ಲಿದಾರೆ?”

ನನಗೆ ಮಾತು ಹೊರಡಲಿಲ್ಲ. ಅವರೇ ಊರಿನ ನಂಬರ್ ಕೇಳಿ ಚಿಕ್ಕಪ್ಪನಿಗೆ ಫೋನ್ ಮಾಡಿಸಿದರು. ಚಿಕ್ಕಪ್ಪ ಬರುವವರೆಗೆ ಕಾಸು ಕೇಳದೆ ಸಂಜೆ ಆಟಕ್ಕೆ ಕೂರಿಸಿದರು. ಜೋಕಾಲಿಯವನು ಕೈ ಬಿಟ್ಟಾಗ ನಾನೂ ಎದ್ದು ನಿಂತುಬಿಟ್ಟೆ. ಹಿಂದಿನವರು ಬೈದರು. ಆಗ ಮೊದಲ ಸಲ ಅತ್ತೆ. ಅಪ್ಪ ಹೋದ ದಿನವೂ ನಾನು ಅತ್ತಿರಲಿಲ್ಲ.

ರಾತ್ರಿ ಮನೆಗೆ ಬಂದಾಗ ಅವ್ವ ಬಾಗಿಲಲ್ಲೇ ಕೂತಿದ್ದರು. ಬೈಯಲಿಲ್ಲ. “ನೀನೂ ಹೋಗ್ಬುಟ್ರೆ ನಾನು ಯಾರ್ಗ್ಲಾ ಮಗಾ ಹಿಟ್ಟು ತಿರುವ್ಲಿ” ಅಂದು ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡರು. ಮಾರನೇ ದಿನ ನಾವಿಬ್ಬರೂ ಸೇರಿ ಗೂಟದ ಟವೆಲ್ಲು ಒಗೆದು ಪೆಟ್ಟಿಗೆಯಲ್ಲಿ ಇಟ್ಟೆವು.

ಆದ್ದರಿಂದ ಗೆಳೆಯರೇ, ನನ್ನ ಉತ್ತರ ಇದು: ಸರ್ಕಸ್ ಸೇರಿದರೆ ದುಃಖ ಹೋಗುವುದಿಲ್ಲ. ಸರ್ಕಸ್ಸಿನವರೂ ನಮ್ಮ ಹಾಗೆ ದುಃಖ ಇಟ್ಟುಕೊಂಡೇ ದುಡಿಯುವವರು. ಅವರ ಡೇರೆ ನಮ್ಮ ಕಡೆ ಬಂದರೆ ತಪ್ಪದೆ ಟಿಕೆಟ್ ತೆಗೆದುಕೊಂಡು ನೋಡಿ, ಜೋರಾಗಿ ಚಪ್ಪಾಳೆ ತಟ್ಟಿ. ನಿಮ್ಮ ಮನೆಯಲ್ಲಿ ಯಾರಾದರೂ ತೀರಿಕೊಂಡು ನಿಮಗೂ ಎಲ್ಲಿಗಾದರೂ ಓಡಿಹೋಗೋಣ ಅನಿಸಿದರೆ ಮೊದಲು ನನಗೆ ಹೇಳಿ, ಇಲ್ಲವೇ ನಮ್ಮ ಮೇಷ್ಟ್ರಿಗೆ ಹೇಳಿ. ಕೈ ಚಾಚಿದರೆ ಸಾಕು.

ತಪ್ಪಿದ್ದರೆ ಕ್ಷಮಿಸಿ.

ಇಂತಿ ನಿಮ್ಮ ಸಹಪಾಠಿ,
10ನೇ ತರಗತಿ, ತೆರಕಣಾಂಬಿ